ತಿಂಗಳ ಹಣ: ತೊಟ್ಟಿಲಿಗೋ, ಪಾಟಿಚೀಲಕ್ಕೋ?

ನಿವೃತ್ತ ಶಿಕ್ಷಕಿ, ತಿಪಟೂರು

ಕಳೆದ ವಾರ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಗೃಹಲಕ್ಷ್ಮಿಯ ಮಾತು ಬಂತು. ಅಲ್ಲಿಂದ ಮುಂದುವರಿದು, ನಾಳೆ ದೇಶದ ಪ್ರತಿಯೊಬ್ಬರಿಗೂ ತಿಂಗಳಿಗಿಷ್ಟು ಎಂದು ಮೂಲ ಆದಾಯ ಕೊಟ್ಟರೆ ಏನಾದೀತು ಎಂಬಲ್ಲಿಗೆ ಹೋಯಿತು. ಪಕ್ಕದಲ್ಲಿದ್ದ ಹಿರಿಯರು, "ಇನ್ನೇನಾಗುತ್ತದೆ, ಹೆರುವುದೇ ಒಂದು ಕಸುಬಾಗುತ್ತದೆ" ಎಂದುಬಿಟ್ಟರು. ನಾಲ್ಕು ಜನ ನಕ್ಕರು. ನನಗೆ ಹೋಳಿಗೆ ಗಂಟಲಿನಿಂದ ಇಳಿಯಲಿಲ್ಲ.

31 ವರ್ಷ ಹಳ್ಳಿಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಹುಡುಗಿ ಮುಂದೆ ಓದುತ್ತಾಳೆ, ಆಷಾಢ ಹಿಡಿಯುವ ಮುನ್ನ ಯಾರ ಲಗ್ನಪತ್ರಿಕೆ ಬರುತ್ತದೆ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನಿವೃತ್ತಳಾದ ಮೇಲೆ, 2024ರ ಮೇ ತಿಂಗಳಲ್ಲಿ, ಅಂಥ ಅನುಮಾನವಿದ್ದ ಒಂದು ಮನೆಗೆ ಹೋಗಿದ್ದೆ. ತಾಯಿಗೆ ಕೊಬ್ಬರಿ ಒಡೆಯುವ ಕೂಲಿ. ಸಾವಿರ ಕಾಯಿಗೆ ಇಷ್ಟು ಎಂದು ಲೆಕ್ಕ. ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಬಿದ್ದರೆ ತೋಟದವರು ಕಾಯಿಯನ್ನು ಅಟ್ಟದಿಂದ ಇಳಿಸುವುದಿಲ್ಲ, ಕೂಲಿಯೂ ಇರುವುದಿಲ್ಲ. ಇಬ್ಬರೂ ಹೆಣ್ಣುಮಕ್ಕಳು. ದೊಡ್ಡವಳು 412 ಅಂಕ ತೆಗೆದಿದ್ದಳು.

ಮಗಳನ್ನು ಓದಿಸು ಎಂದು ಹೇಳಲು ಮಾತು ಜೋಡಿಸಿಕೊಂಡು ಹೋದವಳು ನಾನು. ಬಾಯಿ ತೆರೆಯುವ ಮುನ್ನವೇ ಆಕೆ ಟ್ರಂಕಿನಿಂದ ಬ್ಯಾಂಕಿನ ಪಾಸ್‌ಬುಕ್ ತೆಗೆದಳು. ಅದರೊಳಗೆ ನಾಲ್ಕು ಮಡಿಕೆಯಾಗಿ ಪಿಯುಸಿ ದಾಖಲಾತಿಯ ರಸೀದಿ ಇತ್ತು. "ಗಂಡಿನ ಕಡೆಯವರು ಬಂದು ಹೋಗಿದ್ದಾರೆ ಮೇಡಂ. ಎರಡು ವರ್ಷ ಬಿಟ್ಟು ಬನ್ನಿ ಎಂದು ಹೇಳಿ ಕಳುಹಿಸಿದೆ. ಈ ಹಣ ಬರುವುದಕ್ಕೆ ಮುಂಚೆ ಹಾಗೆ ಹೇಳುವ ಬಾಯಿ ನನಗೆ ಇರಲಿಲ್ಲ."

ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಆ ಮನೆಯಲ್ಲಿ ಮಾಡಿದ ಕೆಲಸ ಅದು. ಮಕ್ಕಳೆಷ್ಟು, ಮಕ್ಕಳಿಗೆ ಓದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ನಾವು ಬೇರೆ ಬೇರೆ ಮಾಡಿಕೊಂಡು ಮಾತಾಡುತ್ತೇವೆ. ನಾನು ಕಂಡಂತೆ ಎರಡೂ ತೀರ್ಮಾನವಾಗುವುದು ಹುಡುಗಿಯ 15ರಿಂದ 18ರ ನಡುವಿನ ಅದೇ ಮೂರು ವರ್ಷಗಳಲ್ಲಿ. ಆ ಮೂರು ವರ್ಷ ಶಾಲೆ, ಕಾಲೇಜಿನಲ್ಲಿ ಕಳೆದವಳು ತಡವಾಗಿ ತಾಯಿಯಾಗುತ್ತಾಳೆ, ಕಡಿಮೆ ಹೆರುತ್ತಾಳೆ, ಹೆತ್ತ ಮಕ್ಕಳನ್ನು ಓದಿಸುತ್ತಾಳೆ. ಬೇರೆ ದೇಶಗಳಲ್ಲಿ ನಿಜವಾಗಿ ಏನಾಗಿದೆ? ಬಲ್ಲವರು ತಿಳಿಸಬೇಕು.

ಅರ್ಥಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಡಂ, ಮೊದಲು ಆ ಹಿರಿಯರಿಗೆ ಉತ್ತರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆ ಸರಾಸರಿ ಹೆರುವ ಮಕ್ಕಳ ಸಂಖ್ಯೆ, 2005-06ರಲ್ಲಿ 2.1 ಇತ್ತು, 2019-21ರ ಹೊತ್ತಿಗೆ 1.7ಕ್ಕೆ ಇಳಿದಿದೆ. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. "ಆರತಿಗೊಬ್ಬಳು, ಕೀರ್ತಿಗೊಬ್ಬ" ಎಂಬ ಮಾತನ್ನು ನಮ್ಮ ಜನ ಯಾರ ಬಲವಂತವೂ ಇಲ್ಲದೆ ಮನೆಯ ಮಾತಾಗಿಸಿಕೊಂಡು ಆಗಿದೆ. ತಿಂಗಳಿಗೆ 2,000 ರೂಪಾಯಿಗಾಗಿ ಯಾರೂ ಮೂರನೆಯ ಮಗುವನ್ನು ಹೆರುವುದಿಲ್ಲ, ಏಕೆಂದರೆ ಗೃಹಲಕ್ಷ್ಮಿಯಲ್ಲಿ ಮಕ್ಕಳೆಷ್ಟೇ ಇರಲಿ ಮನೆಗೆ ಬರುವುದು ಅಷ್ಟೇ.

ಆದರೆ ಪ್ರಶ್ನೆಯನ್ನು ಅಲ್ಲಿಗೇ ಬಿಡುವಂತಿಲ್ಲ. ಗೃಹಲಕ್ಷ್ಮಿ ಮನೆಯ ಯಜಮಾನಿಗೆ ಕೊಡುವ ಹಣ. ಮೂಲ ಆದಾಯವೆಂದರೆ ಮಗುವನ್ನೂ ಸೇರಿಸಿ ತಲೆಗಿಷ್ಟು. ಇಲ್ಲಿ ಹಿರಿಯರ ಭಯಕ್ಕೆ ಒಂದಿಷ್ಟು ಆಧಾರವಿದೆ. ಅಮೆರಿಕದ ಅಲಾಸ್ಕಾ ರಾಜ್ಯ ತೈಲದ ಹಣದಿಂದ ಕಟ್ಟಿದ ನಿಧಿಯ ಲಾಭಾಂಶವನ್ನು 1982ರಿಂದ ಪ್ರತಿ ನಿವಾಸಿಗೂ ವರ್ಷಕ್ಕೊಮ್ಮೆ ಕೊಡುತ್ತಿದೆ. ಮೊದಲ ವರ್ಷ 1,000 ಡಾಲರ್, 2022ರಲ್ಲಿ 3,284 ಡಾಲರ್. ಕೂಸಿಗೂ ಪೂರ್ತಿ ಪಾಲು, ಅದನ್ನು ಪಡೆಯುವವರು ತಂದೆ ತಾಯಿ. ಅಲ್ಲಿ ಹೆರಿಗೆಗಳು ಸ್ವಲ್ಪ ಹೆಚ್ಚಿದವು, ಎರಡು ಹೆರಿಗೆಗಳ ನಡುವಿನ ಅಂತರವೂ ತಗ್ಗಿತು ಎಂದು ಸಂಶೋಧಕರು ತೋರಿಸಿದ್ದಾರೆ.

ಇನ್ನೂ ಸ್ಪಷ್ಟವಾದ ಪಾಠ ಮಧ್ಯ ಅಮೆರಿಕದ್ದು. ಹೊಂಡುರಾಸ್‌ನ ನೆರವು ಯೋಜನೆಯಲ್ಲಿ ಚಿಕ್ಕ ಮಕ್ಕಳು ಹೆಚ್ಚಿದಂತೆ ಮನೆಯ ಮೊತ್ತ ಹೆಚ್ಚುತ್ತಿತ್ತು, ಯೋಜನೆ ಶುರುವಾದ ಮೇಲೆ ಹುಟ್ಟಿದ ಮಗುವಿಗೂ ಅದರ ಬಾಗಿಲು ತೆರೆದಿತ್ತು. ಅಲ್ಲಿ ಜನನ ಹೆಚ್ಚಿತು. 1997ರಲ್ಲಿ ಶುರುವಾದ ಮೆಕ್ಸಿಕೋದ ಇಂಥದೇ ಯೋಜನೆಯಲ್ಲಿ ಹೊಸ ಮಗುವಿನಿಂದ ಮನೆಗೆ ಹಾಗೆ ಲಾಭವಿರಲಿಲ್ಲ, ಜನನವೂ ಹೆಚ್ಚಲಿಲ್ಲ. ಎರಡೂ ಕಡೆ ಬಡವರೇ, ಎರಡೂ ಕಡೆ ಸರ್ಕಾರದ ಹಣವೇ. ತಾಯಂದಿರು ನಿಯಮವನ್ನು ಓದಿಕೊಂಡರು, ಅಷ್ಟೇ.

ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1960ರಲ್ಲೇ ಒಂದು ವಾದ ಮುಂದಿಟ್ಟಿದ್ದರು. ಆದಾಯ ಹೆಚ್ಚಿದಾಗ ತಂದೆ ತಾಯಿಯ ಮುಂದೆ ಎರಡು ದಾರಿಗಳಿರುತ್ತವೆ: ಇನ್ನೊಂದು ಮಗು, ಇಲ್ಲವೇ ಇರುವ ಮಗುವಿನ ಮೇಲೆ ಇನ್ನಷ್ಟು ಖರ್ಚು. ಮಗುವಿಗೆ ಮಾಡುವ ಖರ್ಚು ಏರುತ್ತಾ ಹೋದಂತೆ ಇನ್ನೊಂದು ಮಗು ತುಟ್ಟಿಯಾಗುತ್ತದೆ. ಒಳ್ಳೆಯ ಶಾಲೆ ಕೈಗೆಟಕುವಂತಿದ್ದರೆ ಹಣ ಶಾಲೆಯ ಕಡೆ ಹರಿಯುತ್ತದೆ.

ಕ್ರಾಕೋವ್‌ನಲ್ಲಿರುವ ಕನ್ನಡಿಗ

ನಾನು ಪೋಲೆಂಡಿನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಇಲ್ಲಿನ ಸರ್ಕಾರ 2016ರ ಏಪ್ರಿಲ್‌ನಲ್ಲಿ ಎರಡನೆಯ ಮಗುವಿನಿಂದ ಮುಂದಕ್ಕೆ ತಿಂಗಳಿಗೆ ಇಲ್ಲಿನ ಹಣದಲ್ಲಿ 500 ಸ್ಲಾಟಿ ಕೊಡಲು ಶುರು ಮಾಡಿತು. 2019ರಲ್ಲಿ ಎಲ್ಲ ಮನೆಗಳ ಮೊದಲ ಮಗುವನ್ನೂ ಸೇರಿಸಿತು, 2024ರಲ್ಲಿ 800ಕ್ಕೆ ಏರಿಸಿತು. ಉದ್ದೇಶವೇ ಜನನ ಹೆಚ್ಚಿಸುವುದಾಗಿತ್ತು, ಮುಚ್ಚುಮರೆ ಇರಲಿಲ್ಲ. ಫಲವತ್ತತೆ ದರ 2015ರಲ್ಲಿ 1.29 ಇದ್ದದ್ದು 2017ಕ್ಕೆ 1.45 ಆಯಿತು. ಎಲ್ಲರೂ ಹಿಗ್ಗಿದರು. ಆಮೇಲೆ ಇಳಿಯುತ್ತಾ ಇಳಿಯುತ್ತಾ 2023ರಲ್ಲಿ 1.16ಕ್ಕೆ ಬಂತು. ಹೇಗೂ ಬೇಕೆಂದಿದ್ದ ಎರಡನೆಯ ಮಗುವನ್ನು ಕೆಲವರು ಎರಡು ವರ್ಷ ಮೊದಲೇ ಹೆತ್ತರು ಎಂಬುದು ನನ್ನ ಊಹೆ.

ಉಳಿದ ಹಣ ಎಲ್ಲಿಗೆ ಹೋಯಿತು? ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಚಾಲಕನೊಬ್ಬನ ಸಂಸಾರವಿದೆ. ಇಬ್ಬರು ಮಕ್ಕಳು. ಆ ಹಣ ಬಂದ ದಿನ ಹೆಂಡತಿ ಮೊದಲು ಮಾಡುವುದು ಇಂಗ್ಲಿಷ್ ಪಾಠದ ಶುಲ್ಕ ಕಟ್ಟುವುದು. ಮೂರನೆಯ ಮಗು ಯಾಕೆ ಬೇಡ ಎಂದು ಒಮ್ಮೆ ಕೇಳಿದೆ. "ಮೂರನೆಯ ಮಗುವಿಗೆ ಕೋಣೆ ಎಲ್ಲಿದೆ?" ಎಂದಳು. ಮನೆ ಬಾಡಿಗೆಯ ಮುಂದೆ 800 ಸ್ಲಾಟಿ ಏನೂ ಅಲ್ಲ.

ಉಗ್ರಾಣದ ವ್ಯಾಪಾರಿ, ಹುಬ್ಬಳ್ಳಿ

ನಾನು ತೆರಿಗೆ ಕಟ್ಟುವವನು, ಆ ದೃಷ್ಟಿಯಿಂದ ಮಾತಾಡುತ್ತೇನೆ. ತಪ್ಪಿದ್ದರೆ ತಿದ್ದಿ. 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಕೇಂದ್ರದ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ತಂಡ ಲೆಕ್ಕ ಹಾಕಿತ್ತು: ತಲೆಗೆ ವರ್ಷಕ್ಕೆ 7,620 ರೂಪಾಯಿಯಂತೆ ಜನರಲ್ಲಿ ಮುಕ್ಕಾಲು ಪಾಲಿಗೆ ಕೊಟ್ಟರೂ ಜಿಡಿಪಿಯ ಶೇ 4.9 ಬೇಕು. ಅಷ್ಟು ಹಣವಿದ್ದರೆ ಸರ್ಕಾರಿ ಶಾಲೆಗೇ ಹಾಕಬಾರದೇಕೆ? ನಮ್ಮ ಉಗ್ರಾಣದ ಹಮಾಲರ ಮಕ್ಕಳು ಹೋಗುವ ಶಾಲೆಯಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲ. ತಾಯಿಯ ಖಾತೆಗೆ ಹಣ ಹಾಕಿದರೆ ಆ ಜಾಗ ತುಂಬುತ್ತದೆಯೇ? ಮಗು ಶಾಲೆಗೆ ಬಂದರೆ ಮಾತ್ರ ಹಣ ಎಂಬ ಷರತ್ತಾದರೂ ಇರಬೇಡವೇ? ಮನೆಯಲ್ಲಿ ಕೂತು ಹಣ ಬಂದರೆ ಮಕ್ಕಳಿಗೆ ಓದುವ ಹಸಿವು ಇರುತ್ತದೆಯೇ?

ಸಮುದಾಯ ಆರೋಗ್ಯ ವೈದ್ಯೆ, ಮೈಸೂರು

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಚೆರೋಕಿ ಬುಡಕಟ್ಟಿನವರು 1990ರ ದಶಕದಲ್ಲಿ ಕ್ಯಾಸಿನೊ ತೆರೆದು, ಲಾಭದ ಒಂದು ಪಾಲನ್ನು ಬುಡಕಟ್ಟಿನ ಎಲ್ಲರಿಗೂ ಸಮನಾಗಿ ಹಂಚಿದರು. ಅಕಸ್ಮಾತ್ತಾಗಿ ಅದೇ ಸೀಮೆಯ ಮಕ್ಕಳ ಮಾನಸಿಕ ಆರೋಗ್ಯದ ಅಧ್ಯಯನವೊಂದು 1993ರಿಂದಲೇ ನಡೆಯುತ್ತಿತ್ತು. ಹೀಗಾಗಿ ಹಣ ಬರುವ ಮುನ್ನ ಆ ಮಕ್ಕಳು ಹೇಗಿದ್ದರು, ಬಂದ ಮೇಲೆ ಹೇಗಾದರು ಎಂಬುದು ಎರಡೂ ದಾಖಲೆಯಲ್ಲಿದೆ. ತೀರಾ ಬಡ ಮನೆಗಳ ಮಕ್ಕಳು ಹಣ ಬಂದ ಮೇಲೆ ಸುಮಾರು ಒಂದು ವರ್ಷ ಹೆಚ್ಚು ಓದಿದರು. ಸಣ್ಣಪುಟ್ಟ ಅಪರಾಧಗಳು ತಗ್ಗಿದವು. ಮಕ್ಕಳ ಪಾಲನ್ನು 18 ತುಂಬುವವರೆಗೆ ಕಾದಿರಿಸುತ್ತಿದ್ದರು. ಪ್ರೌಢಶಿಕ್ಷಣ ಮುಗಿಸಿದವರಿಗೆ 18ಕ್ಕೆ, ಮುಗಿಸದವರಿಗೆ 21ಕ್ಕೆ. ಅದೂ ಸ್ವಲ್ಪ ಕೆಲಸ ಮಾಡಿರಬಹುದು.

ಈಗ ಷರತ್ತಿನ ಪ್ರಶ್ನೆ. ಇದಕ್ಕೆ ನಾನು ಬಲ್ಲ ಅತ್ಯುತ್ತಮ ಉತ್ತರ ಮಲಾವಿ ದೇಶದ ಝೊಂಬಾ ಜಿಲ್ಲೆಯಿಂದ ಬಂದಿದೆ, ಮತ್ತು ಅದು ಮೇಡಂ ಹೇಳಿದ ಆ ಮೂರು ವರ್ಷಗಳ ಕತೆಯೇ. 2008 ಮತ್ತು 2009ರಲ್ಲಿ 13ರಿಂದ 22 ವರ್ಷದ, ಮದುವೆಯಾಗದ ಹುಡುಗಿಯರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿದರು. ಒಂದು ಗುಂಪಿಗೆ ಶಾಲೆಗೆ ಬಂದರೆ ಮಾತ್ರ ಹಣ. ಇನ್ನೊಂದಕ್ಕೆ ಯಾವ ಷರತ್ತೂ ಇಲ್ಲದೆ ಹಣ. ಮೂರನೆಯದಕ್ಕೆ ಹಣವೇ ಇಲ್ಲ. ಮನೆಗೆ ತಿಂಗಳಿಗೆ 4ರಿಂದ 10 ಡಾಲರ್, ಹುಡುಗಿಯ ಕೈಗೇ ಪ್ರತ್ಯೇಕವಾಗಿ 1ರಿಂದ 5 ಡಾಲರ್.

ಶಾಲೆ ಬಿಡದಂತೆ ತಡೆಯುವುದರಲ್ಲಿ ಷರತ್ತಿನ ಗುಂಪು ಮುಂದಿತ್ತು, ಇಂಗ್ಲಿಷ್ ಓದಿ ತಿಳಿಯುವ ಪರೀಕ್ಷೆಯಲ್ಲೂ ಮುಂದಿತ್ತು. ಇಷ್ಟರಮಟ್ಟಿಗೆ ಹುಬ್ಬಳ್ಳಿಯವರ ಮಾತು ಸರಿ. ಆದರೆ ಮದುವೆ ಮತ್ತು ಬಸಿರಿನ ಲೆಕ್ಕ ತೆಗೆದಾಗ ತಕ್ಕಡಿ ತಿರುಗಿತು. ಷರತ್ತಿಲ್ಲದ ಗುಂಪಿನಲ್ಲಿ ಹದಿಹರೆಯದ ಬಸಿರು ಹಣವೇ ಸಿಗದ ಗುಂಪಿಗಿಂತ ಶೇ 27ರಷ್ಟು ಕಡಿಮೆ, ಮದುವೆ ಶೇ 44ರಷ್ಟು ಕಡಿಮೆ. ಷರತ್ತಿನ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕಾರಣ ಏನು ಗೊತ್ತೇ? ಎಷ್ಟು ಹಣ ಕೊಟ್ಟರೂ ಕೆಲವು ಹುಡುಗಿಯರು ಶಾಲೆ ಬಿಡುತ್ತಾರೆ. ಅಮ್ಮನಿಗೆ ಕಾಯಿಲೆ, ತಮ್ಮನನ್ನು ನೋಡಿಕೊಳ್ಳಬೇಕು, ಒಮ್ಮೆ ನಪಾಸಾದ ನಾಚಿಕೆ, ಹೀಗೆ. ಷರತ್ತು ಇದ್ದ ಕಡೆ ಅವಳು ಶಾಲೆ ಬಿಟ್ಟ ದಿನವೇ ಹಣವೂ ನಿಂತಿತು. ಆಮೇಲೆ ಉಳಿದದ್ದು ಮದುವೆ. ಷರತ್ತಿಲ್ಲದ ಕಡೆ ಶಾಲೆ ಬಿಟ್ಟರೂ ಹಣ ಬರುತ್ತಿತ್ತು, ಅವಳು ಮನೆಗೆ ಹೊರೆ ಎನಿಸಲಿಲ್ಲ.

ಹೊರೆ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರ ಪೈಕಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು 2019-21ರ ಸಮೀಕ್ಷೆ ಹೇಳುತ್ತದೆ. ಹಿಂದಿನ ಸಮೀಕ್ಷೆಯಲ್ಲಿ ಶೇ 21.4 ಇತ್ತು. ಜನನ ದರ ಇಳಿಯಿತು, ಶಾಲೆಗಳು ಹೆಚ್ಚಿದವು, ಈ ಅಂಕಿ ಮಾತ್ರ ಕದಲಲಿಲ್ಲ. ಹೆರಿಗೆ ವಾರ್ಡಿನಲ್ಲಿ ವಯಸ್ಸು ಕೇಳಿದಾಗ ಹುಡುಗಿ ಅತ್ತೆಯ ಮುಖ ನೋಡಿ "19" ಎನ್ನುತ್ತಾಳೆ. ನಾನು ಬರೆದುಕೊಳ್ಳುತ್ತೇನೆ.

ಯಾರ ಕೈಗೆ ಹಣ ಎಂಬುದೂ ಮುಖ್ಯ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನಾಂಗದ ವೃದ್ಧರಿಗೂ ಪೂರ್ಣ ಪಿಂಚಣಿ ವಿಸ್ತರಿಸಿದಾಗ ಏನಾಯಿತು ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ನೋಡಿದರು. ಪಿಂಚಣಿ ಅಜ್ಜಿಗೆ ಬಂದ ಮನೆಯಲ್ಲಿ ಮೊಮ್ಮಗಳ ತೂಕ ಸುಧಾರಿಸಿತ್ತು. ಅಜ್ಜನಿಗೆ ಬಂದ ಮನೆಯಲ್ಲಿ ಆ ಬದಲಾವಣೆ ಕಾಣಲಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಕಲಬುರಗಿ ಜಿಲ್ಲೆ

ಎಲ್ಲರೂ ಓದಿದ ಮಾತಾಡುತ್ತಿದ್ದೀರಿ, ನಾನು ನೋಡಿದ್ದನ್ನು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಮೂರನೆಯದು, ನಾಲ್ಕನೆಯದು ಹೆತ್ತವರೆಲ್ಲ ಗಂಡುಮಗುವಿಗಾಗಿ ಹೆತ್ತವರು. ಮುಪ್ಪಿನಲ್ಲಿ ಯಾರು ನೋಡುತ್ತಾರೆ ಎಂಬ ಒಂದೇ ಭಯ. ಹೆಣ್ಣು ಕೊಟ್ಟ ಮನೆಗೆ ಹೋಗಿ ಉಣ್ಣುವುದಕ್ಕೆ ಆಗುವುದಿಲ್ಲ ಎನ್ನುತ್ತಾರೆ. ಭಾಗ್ಯಲಕ್ಷ್ಮಿ ಬಾಂಡ್ ಬಂದಾಗ ಅರ್ಜಿ ಬರೆದುಕೊಟ್ಟವಳು ನಾನೇ. ಮಗಳಿಗೆ 18 ಆಗುವ ತನಕ ಮದುವೆ ಮಾಡಬಾರದು ಎಂಬ ನಿಯಮ ಕೆಲವು ಮನೆಗಳಲ್ಲಿ ನಿಜವಾಗಿ ಕೆಲಸ ಮಾಡಿದೆ. ಆದರೆ ಆ ಹಣ ಸಿಗುವುದು 18 ತುಂಬಿದ ಮೇಲೆ. ಎಂಟನೆಯ ತರಗತಿ ಮುಗಿದು ಒಂಬತ್ತಕ್ಕೆ ಪಕ್ಕದ ಊರಿಗೆ ಹೋಗುವಾಗ ಚಪ್ಪಲಿ, ಪುಸ್ತಕ, ಮುಟ್ಟಿನ ಪ್ಯಾಡು ಬೇಕಾಗುವುದು 14ಕ್ಕೆ. ಈಗ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಅದೊಂದು ದೊಡ್ಡ ಉಪಕಾರ. ಸಂಜೆ ಏಳರ ಬಸ್ಸು ಮಾತ್ರ ಇಲ್ಲ.

ಅರ್ಥಶಾಸ್ತ್ರ ಉಪನ್ಯಾಸಕ, ಧಾರವಾಡ

ಮುಪ್ಪಿನ ಮಾತು ಬಂದದ್ದು ಒಳ್ಳೆಯದಾಯಿತು, ಚರ್ಚೆಯಲ್ಲಿ ಅದೇ ಬಿಟ್ಟುಹೋಗಿತ್ತು. ಆಸ್ಟ್ರೇಲಿಯಾದ ಜನಸಂಖ್ಯಾ ಸಂಶೋಧಕರಾದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ, ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿಯವರ ಜೊತೆ ಸೇರಿ, ನಮ್ಮದೇ ಕರ್ನಾಟಕದ ಹಳ್ಳಿಗಳಲ್ಲಿ ಕುಟುಂಬಗಳನ್ನು ಅಧ್ಯಯನ ಮಾಡಿದ್ದರು. ಜಾನ್ ಕಾಲ್ಡ್‌ವೆಲ್ ಅವರ ಪ್ರಸಿದ್ಧ ವಾದ ಇದು: ದುಡಿಮೆ, ಆಸರೆ ಎಲ್ಲ ಮಕ್ಕಳಿಂದ ಹಿರಿಯರ ಕಡೆಗೆ ಹರಿಯುವಷ್ಟು ಕಾಲ ಮಕ್ಕಳು ಹೆಚ್ಚು. ಹರಿವು ತಿರುಗಿ ಹಿರಿಯರಿಂದ ಮಕ್ಕಳ ಕಡೆಗೆ ಹೊರಟಾಗ ಮಕ್ಕಳು ಕಡಿಮೆ. ಹರಿವನ್ನು ತಿರುಗಿಸುವುದು ಶಾಲೆ. ದನ ಮೇಯಿಸುತ್ತಿದ್ದ ಹುಡುಗ ಪಾಟಿಚೀಲ ಹೊತ್ತ ದಿನದಿಂದ ಅವನು ಮನೆಗೆ ಖರ್ಚು.

ಜೀವನಪೂರ್ತಿ ಖಚಿತವಾಗಿ ಬರುವ ಮೂಲ ಆದಾಯ ಇಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ, ಅದು ಮುಪ್ಪಿಗೂ ಊರುಗೋಲು. ಈಗಿನ ಸ್ಥಿತಿ ನೋಡಿ: 60ರಿಂದ 79 ವರ್ಷದ ಬಡ ವೃದ್ಧರಿಗೆ ಕೇಂದ್ರ ಸರ್ಕಾರದ ಪಿಂಚಣಿಯ ಪಾಲು ತಿಂಗಳಿಗೆ 200 ರೂಪಾಯಿ. ಅದನ್ನು ನಂಬಿ ಯಾವ ತಾಯಿ ತಾನೇ ಗಂಡುಮಗು ಬೇಡ ಎಂದಾಳು?

ನಮ್ಮ ದೇಶದ ಪ್ರಯೋಗದ ಬಗ್ಗೆಯೂ ಒಂದು ಮಾತು. 'ಸೇವಾ' (SEWA) ಎಂಬ ದುಡಿಯುವ ಮಹಿಳೆಯರ ಸಂಘಟನೆ ಯುನಿಸೆಫ್ ನೆರವಿನಿಂದ 2011-12ರಲ್ಲಿ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಎಲ್ಲರಿಗೂ ಷರತ್ತಿಲ್ಲದೆ ಹಣ ಕೊಟ್ಟಿತ್ತು. ಶುರುವಿನಲ್ಲಿ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಒಂದು ವರ್ಷದ ನಂತರ 300 ಮತ್ತು 150. ಮಕ್ಕಳ ಪಾಲು ತಾಯಿಯ ಕೈಗೆ. ಹಣ ಹೆಂಡದಂಗಡಿಗೆ ಹೋಗುತ್ತದೆ ಎಂದವರ ಲೆಕ್ಕ ತಪ್ಪಾಯಿತು. ಸಮವಸ್ತ್ರ, ಶೂ, ಶಾಲೆಗೆ ಹೋಗಿಬರುವ ಖರ್ಚು, ಮನೆಪಾಠ ಇವುಗಳಿಗೆ ಹೋಯಿತು. ಪ್ರೌಢಶಾಲೆಯ ಹಂತದ ಹುಡುಗಿಯರಲ್ಲಿ ಬದಲಾವಣೆ ಹೆಚ್ಚು ಕಂಡಿತು. ಕುಟುಂಬದ ಗಾತ್ರದ ಬಗ್ಗೆ ತೀರ್ಪು ಕೊಡಲು ಒಂದೂವರೆ ವರ್ಷ ಸಾಲದು. ಅದಕ್ಕೆ ಒಂದು ತಲೆಮಾರು ಬೇಕು.

ಉಗ್ರಾಣದ ವ್ಯಾಪಾರಿ, ಹುಬ್ಬಳ್ಳಿ

ಮಲಾವಿಯ ಕತೆ ನನ್ನನ್ನು ಯೋಚನೆಗೆ ಹಚ್ಚಿತು. ಷರತ್ತು ಎಂದರೆ ಶಿಸ್ತು ಎಂದುಕೊಂಡಿದ್ದೆ. ಶಾಲೆ ಬಿಟ್ಟ ಹುಡುಗಿಗೇ ಆ ಹಣದ ಅಗತ್ಯ ಹೆಚ್ಚು ಎಂಬುದು ಹೊಳೆದಿರಲಿಲ್ಲ. ಗಣಿತದ ಶಿಕ್ಷಕರ ಮಾತನ್ನು ಮಾತ್ರ ಹಿಂದಕ್ಕೆ ಪಡೆಯುವುದಿಲ್ಲ. ಪಾಠ ಮಾಡುವವರಿಲ್ಲದ ಕಡೆ ತಾಯಿ ಹಣವನ್ನು ಖಾಸಗಿ ಶಾಲೆಯ ಶುಲ್ಕಕ್ಕೆ ಹಾಕುತ್ತಾಳೆ, ಶಾಲೆಯವರು ಮರುವರ್ಷ ಶುಲ್ಕ ಏರಿಸುತ್ತಾರೆ. ಹಣ ಬಂದ ದಾರಿಯಲ್ಲೇ ಹೋಗುತ್ತದೆ. ಒಂದು ಸಂದೇಹ: ಮಲಾವಿಯಲ್ಲಿ ಎರಡು ವರ್ಷದ ನಂತರ ಹಣ ನಿಂತಿತಲ್ಲ, ಆ ಹುಡುಗಿಯರು ಏನಾದರು?

ಸಮುದಾಯ ಆರೋಗ್ಯ ವೈದ್ಯೆ, ಮೈಸೂರು

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಅದೇ ಸಂಶೋಧಕರು ಮತ್ತೆ ಹೋಗಿ ನೋಡಿದರು. ಷರತ್ತಿಲ್ಲದ ಗುಂಪಿನ ಹುಡುಗಿಯರಲ್ಲಿ ಹಣ ನಿಂತ ಕೆಲವೇ ಸಮಯದಲ್ಲಿ ಮದುವೆಗಳು, ಬಸಿರುಗಳು ಏರಿ ಉಳಿದವರ ಮಟ್ಟಕ್ಕೆ ಬಂದುಬಿಟ್ಟವು. ಹಣ ಇದ್ದಷ್ಟು ದಿನ ತಡೆ, ಹಣ ನಿಂತಾಗ ತಡೆಯೂ ಇಲ್ಲ. ಆದರೆ ಯೋಜನೆ ಶುರುವಾದಾಗಲೇ ಶಾಲೆ ಬಿಟ್ಟಿದ್ದು, ಷರತ್ತಿನ ಹಣದಿಂದ ಮರಳಿ ತರಗತಿಗೆ ಬಂದು ಕೂತ ಹುಡುಗಿಯರಲ್ಲಿ ಲಾಭ ಉಳಿಯಿತು. ಹೆಚ್ಚು ಓದಿದರು, ತಡವಾಗಿ ಮದುವೆಯಾದರು, ಮಕ್ಕಳೂ ಕಡಿಮೆ. ಹಾಗಾಗಿ ನಿಮ್ಮ ಷರತ್ತಿಗೂ ಒಂದು ಜಾಗವಿದೆ. ಹುಡುಗಿ ಬೆಂಚಿನ ಮೇಲೆ ಕಳೆದ ವರ್ಷವನ್ನು ಯಾರೂ ವಾಪಸು ಕಿತ್ತುಕೊಳ್ಳಲಾಗುವುದಿಲ್ಲ.

ನಿವೃತ್ತ ಶಿಕ್ಷಕಿ, ತಿಪಟೂರು

ಎಲ್ಲರಿಗೂ ಕೃತಜ್ಞಳು. ಇಷ್ಟೆಲ್ಲ ಓದಿದ ಮೇಲೆ ಮನಸ್ಸು ತಡೆಯದೆ ನಿನ್ನೆ ಮತ್ತೆ ಆ ಮನೆಗೆ ಹೋಗಿ ಬಂದೆ. ಧಾರಣೆ ಚೆನ್ನಾಗಿರುವುದರಿಂದ ಈಗ ಕೂಲಿ ಇದೆ, ಅಂಗಳದ ತುಂಬ ಚಿಪ್ಪಿನ ರಾಶಿ. ದೊಡ್ಡವಳು ಎರಡನೇ ಪಿಯುಸಿಯಲ್ಲಿದ್ದಾಳೆ, ಲೆಕ್ಕಶಾಸ್ತ್ರ ತೆಗೆದುಕೊಂಡಿದ್ದಾಳೆ. ಗಂಡಿನ ಕಡೆಯವರು ಬೇರೆ ಸಂಬಂಧ ನೋಡಿಕೊಂಡರಂತೆ, ತಾಯಿಗೆ ಅದರ ಬೇಸರವಿಲ್ಲ.

ಮೂರನೆಯ ಮಗುವಿನ ಬಗ್ಗೆ ಎಂದಾದರೂ ಯೋಚಿಸಿದ್ದೆಯಾ ಎಂದು ಸಂಕೋಚಪಡುತ್ತಲೇ ಕೇಳಿದೆ. ಅತ್ತೆ ಇರುವವರೆಗೆ ಗಂಡುಮಗು ಬೇಕೆಂದು ಪೀಡಿಸುತ್ತಿದ್ದರಂತೆ, ಇವಳೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಳಂತೆ. ಮಾತಿನ ನಡುವೆಯೂ ಕೈ ನಿಲ್ಲಿಸಲಿಲ್ಲ, ಒಂದೊಂದೇ ಕಾಯಿ ಎತ್ತಿ, ಕತ್ತಿಯ ಹಿಂಬದಿಯಿಂದ ಬಡಿದು, ಚಿಪ್ಪು ಬಿಡಿಸಿ ಉಂಡೆಯನ್ನು ಚೀಲಕ್ಕೆ ಹಾಕುತ್ತಿದ್ದಳು.

ಕಿರಿಯವಳು ಈಗ ಎಂಟನೇ ತರಗತಿ. ನಾನು ಹೊರಡಲು ಎದ್ದಾಗ ತಾಯಿ ಬೆರಳು ಮಡಿಸಿ ಎಣಿಸಿದಳು: ಒಂಬತ್ತು, ಹತ್ತು, ಪಿಯುಸಿ ಎರಡು. "ನಾಲ್ಕು ವರ್ಷ. ಈ ಹಣ ಅಷ್ಟು ದಿನ ಬರುತ್ತದೆಯೇ ಮೇಡಂ?" ಎಂದು ಕೇಳಿದಳು.